ಗಣಿತಜ್ಞ ಆಯ್ಲರ್

ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ನಗರದಲ್ಲಿ 1707ರ ಏಪ್ರಿಲ್ 15ರಂದು ಲಿಯೊನಾರ್ಡ್ ಆಯ್ಲರ್ ಜನಿಸಿದನು. ತಂದೆ ಕ್ರೈಸ್ತ ಪಾದ್ರಿ. ಮಗನೂ ತನ್ನಂತೆಯೇ ಧರ್ಮಸೇವೆಯನ್ನು ಕೈಗೊಳ್ಳಬೇಕೆಂಬುದು ಆತನ ಹಂಬಲ. ಆದರೆ ಹುಡುಗನ ಮನಸ್ಸು ಗಣಿತದಲ್ಲಿ ನೆಟ್ಟಿತ್ತು. ಪ್ರಸಿದ್ಧ ಗಣಿತಜ್ಞ ಯೋಹಾನ್ ಬರ್ನೂಲಿಯು ಶನಿವಾರದ ಮಧ್ಯಾಹ್ನಗಳಲ್ಲಿ ಅವನ ಸಂದೇಹಗಳನ್ನು ಪರಿಹರಿಸುತ್ತಿದ್ದನು. ಶಿಷ್ಯನ ಪ್ರತಿಭೆಯನ್ನು ಗುರುವೇ ತಿಳಿಯಹೇಳಿದ ಮೇಲೆ ತಂದೆಯು ಸಮ್ಮತಿಸಿದನು. 1727ರಲ್ಲಿ ಆಯ್ಲರನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ವಿಜ್ಞಾನ ಅಕಾಡೆಮಿಯನ್ನು ಸೇರಿದನು.

1 ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡದಾದ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. 3, 5, 17, 257, 65,537 ಇವೆಲ್ಲ ಅವಿಭಾಜ್ಯಗಳು. ಈ ಶ್ರೇಣಿಯ ಯಾವುದೇ ಸಂಖ್ಯೆಯಿಂದ 1ನ್ನು ಕಳೆದು, ಉಳಿದುದನ್ನು ವರ್ಗ ಮಾಡಿ, 1ನ್ನು ಕೂಡಿಸಿದರೆ ಮುಂದಿನದು ದೊರೆಯುತ್ತದೆ. ಹೀಗೆ ದೊರೆಯುವುದೆಲ್ಲವೂ ಅವಿಭಾಜ್ಯವೇ ಎಂದು ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದನು. ಹಿರಿಯರ ನಂಬಿಕೆಯೆಂದು ಆಯ್ಲರನು ಅದನ್ನು ಸುಮ್ಮನೆ ಒಪ್ಪಲಿಲ್ಲ. ಶ್ರೇಣಿಯ ಮುಂದಿನ ಸಂಖ್ಯೆಯಾದ 4,29,49,67,297ನ್ನು ಪರೀಕ್ಷಿಸಿ, ಅದು 641ರಿಂದ ಭಾಗವಾಗುವುದೆಂದು 1732ರಲ್ಲಿ ತೋರಿಸಿಕೊಟ್ಟನು.

ಇಷ್ಟರಲ್ಲಿ ವಿಧಿ ಅವನನ್ನು ಪರೀಕ್ಷಿಸತೊಡಗಿತು. ಸುಮಾರು 1738ರ ವೇಳೆಗೆ ಬಲಗಣ್ಣಿನ ದೃಷ್ಟಿ ಹೋಯಿತು. 1741ರಿಂದ ಬರ್ಲಿನ್ನಿನಲ್ಲಿ ಇಪ್ಪತ್ತೈದು ವರ್ಷ ದುಡಿದು 1766ರಲ್ಲಿ ಪೀಟರ್ಸ್‌ಬರ್ಗ್‌ಗೆ ಮರಳಿದ ಬಳಿಕ ಎಡಗಣ್ಣಿಗೂ ಪೊರೆ ಕವಿಯಿತು. 1771ರಲ್ಲಿ ಮನೆ ಬೆಂಕಿಗೆ ಆಹುತಿಯಾದಾಗ ಬಾಸೆಲ್ಲಿನವನೇ ಆದ ಪೀಟರ್ ಗ್ರಿಮ್ ಎಂಬಾತನು ಅವನನ್ನು ಹೊತ್ತು ತಂದು ಉಳಿಸಿದನು. ಅದೇ ವರ್ಷ ನಡೆದ ಶಸ್ತ್ರಚಿಕಿತ್ಸೆಯಿಂದ ಮರಳಿದ ದೃಷ್ಟಿ ಬಹುಕಾಲ ನಿಲ್ಲಲಿಲ್ಲ. ಆದರೂ ಆಯ್ಲರನು ಧೃತಿಗೆಡಲಿಲ್ಲ. ಅವನು ಮನಸ್ಸಿನಲ್ಲೇ ಲೆಕ್ಕ ಮಾಡಿ ಹೇಳುತ್ತಿದ್ದನು. ಮಗನೂ ಶಿಷ್ಯರೂ ಬರೆದುಕೊಳ್ಳುತ್ತಿದ್ದರು.

ಈ ಕತ್ತಲಿನ ದಿನಗಳಲ್ಲೇ, 1772ರಲ್ಲಿ, ಅವನು ಇನ್ನೊಂದು ಮಹಾಸಂಖ್ಯೆಯ ಗುಟ್ಟನ್ನು ಹೊರಗೆಡಹಿದನು. 31 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1ನ್ನು ಕಳೆದರೆ 2,14,74,83,647 ಬರುತ್ತದೆ. ಇದು ಅವಿಭಾಜ್ಯವೇ? ತಿಳಿಯಬೇಕಾದರೆ ಇದರ ವರ್ಗಮೂಲವಾದ ಸುಮಾರು 46,341ಕ್ಕಿಂತ ಚಿಕ್ಕದಾದ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕು. ಅಂಥವು ಸುಮಾರು 4,800 ಇವೆ. ಆಯ್ಲರನು ಮೊದಲು ಭಾಗಿಸಲಿಲ್ಲ, ಯೋಚಿಸಿದನು. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವೊಂದು ಇರುವುದಾದರೆ, ಆ ಭಾಜಕವನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಮಾತ್ರವೇ ಶೇಷವಾಗಿ ಉಳಿಯಬೇಕೆಂದು ಕಂಡುಕೊಂಡನು. ಈ ಒಂದು ನಿಯಮದಿಂದ ಪರೀಕ್ಷಿಸಬೇಕಾದ ಅವಿಭಾಜ್ಯಗಳು ನೂರಕ್ಕಿಂತಲೂ ಕಡಿಮೆಯಾದವು. ಅವುಗಳಲ್ಲಿ ಒಂದೂ ಅದನ್ನು ಭಾಗಿಸಲಿಲ್ಲ. ಅದು ಅವಿಭಾಜ್ಯವೆಂಬುದು ಸಿದ್ಧವಾಯಿತು. ಅನೇಕ ದಶಕಗಳವರೆಗೆ ಅದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಯಾರೂ ಕಂಡಿರಲಿಲ್ಲ.

1783ರ ಸೆಪ್ಟೆಂಬರ್ 18ರಂದು, ಹೊಸದಾಗಿ ಪತ್ತೆಯಾಗಿದ್ದ ಯುರೇನಸ್ ಗ್ರಹದ ಕಕ್ಷೆಯನ್ನು ಕುರಿತು ಚರ್ಚಿಸಿದ ದಿನವೇ ಆಯ್ಲರನು ಕುಸಿದು, ಕೊನೆಯುಸಿರೆಳೆದನು. ಎಂಟುನೂರಕ್ಕೂ ಹೆಚ್ಚಿನ ಅವನ ಗ್ರಂಥ ಮತ್ತು ಲೇಖನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದೃಷ್ಟಿಹೀನತೆಯ ಕಾಲದಲ್ಲಿ ರಚಿತವಾದವು. ಒಂದು ಮಹಾಸಂಖ್ಯೆಯ ಬಗೆಗಿನ ನಂಬಿಕೆಯನ್ನು ಅವನು ಸುಳ್ಳಾಗಿಸಿದನು, ಇನ್ನೊಂದರ ನಿಜವನ್ನು ಸ್ಥಾಪಿಸಿದನು. ಎರಡಕ್ಕೂ ಅವನಿಗೆ ನೆರವಾದದ್ದು ಕಣ್ಣಿನ ಬೆಳಕಲ್ಲ, ವಿಚಾರದ ಬೆಳಕು.