ಗಾಂಧೀಜಿಯ ನಡಿಗೆ ಮತ್ತು ನಿಮ್ಮ ವಿಟಮಿನ್ ಡಿ ಮಾತ್ರೆ

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಗಾಂಧೀಜಿ 1912ರಲ್ಲಿ ಹಾಲು ಬಿಟ್ಟರು. 1918ರಲ್ಲಿ ಆಮಶಂಕೆಯಿಂದ ಅಹಮದಾಬಾದಿನಲ್ಲಿ ಹಾಸಿಗೆ ಹಿಡಿದಾಗಲೂ ಹಾಲು, ಔಷಧಿ ಒಲ್ಲೆ ಎಂದರು. ಕೊನೆಗೆ ಕಸ್ತೂರಬಾ ಮಾತಿಗೆ ಮಣಿದು ಆಡಿನ ಹಾಲು ಕುಡಿದರು. 1927ರಲ್ಲಿ ರಕ್ತದೊತ್ತಡ ಏರಿದಾಗ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದರು. 1930ರಲ್ಲಿ, 60ರ ವಯಸ್ಸಿನಲ್ಲಿ, ಸಾಬರಮತಿಯಿಂದ ಸೂರತ್ ಮಾರ್ಗವಾಗಿ ದಂಡಿಗೆ ಸುಮಾರು 385 ಕಿ.ಮೀ. ನಡೆದರು. 1948ರ ಜನವರಿ 30ರಂದು ಹತ್ಯೆಯಾದಾಗಲೂ ಪ್ರಾರ್ಥನೆಗೆ ನಡೆದು ಹೊರಟಿದ್ದರು.

ಆ ನಡಿಗೆಯಲ್ಲಿ ಬಿಸಿಲೂ ಇತ್ತು, ದೇಹಶ್ರಮವೂ ಇತ್ತು. ಎರಡರ ಕೆಲಸ ಬೇರೆ ಎಂಬುದನ್ನು ನೀವು ತಿಳಿದಿರಬೇಕು.

ಬಿಸಿಲು ಬಿದ್ದಾಗ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುತ್ತದೆ. ಯಕೃತ್ತು ಮತ್ತು ಮೂತ್ರಪಿಂಡ ಅದನ್ನು ಹಾರ್ಮೋನ್ ಆಗಿ ಬದಲಿಸುತ್ತವೆ. ಆಹಾರದ ಕ್ಯಾಲ್ಸಿಯಂ ಹೀರಿಕೊಳ್ಳಲು ಕರುಳಿಗೆ ಈ ಹಾರ್ಮೋನ್ ಬೇಕು. ಕೊಬ್ಬಿನ ಜೀವಕೋಶಗಳ ಮೇಲೂ ಇದು ಪ್ರಭಾವ ಬೀರುತ್ತದೆ. ವಿಟಮಿನ್ ಡಿ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ಬೊಜ್ಜಿರುವವರ ರಕ್ತದಲ್ಲಿ ಅದರ ಮಟ್ಟ ಹೆಚ್ಚಾಗಿ ಕಡಿಮೆ ಇರುತ್ತದೆ.

ಹಾಗೆಂದು ಮಾತ್ರೆ ನುಂಗಿದರೆ ಬೊಜ್ಜು ಕರಗದು. ಕೊಬ್ಬನ್ನು ಖರ್ಚು ಮಾಡುವುದು ನಡಿಗೆಯಂಥ ಶ್ರಮ ಮತ್ತು ಹಿತಮಿತ ಊಟ. ಕೊರತೆ ಇದ್ದರೆ ವೈದ್ಯರು ಹೇಳಿದಷ್ಟೇ ಮಾತ್ರೆ ತೆಗೆದುಕೊಳ್ಳಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಗಾಂಧೀಜಿಯ ನಡಿಗೆಯನ್ನು ಅನುಸರಿಸಿ. ಔಷಧಿಯ ವಿಷಯದಲ್ಲಿ ಸ್ವಂತ ಪ್ರಯೋಗ ಬೇಡ.