ಜಿ. ಐ. ಟೇಲರ್

ಸರ್ ಜೆಫ್ರಿ ಇಂಗ್ರಾಮ್ ಟೇಲರ್ (೭ ಮಾರ್ಚ್ ೧೮೮೬ – ೨೭ ಜೂನ್ ೧೯೭೫) ಇಂಗ್ಲೆಂಡಿನ ಭೌತವಿಜ್ಞಾನಿ ಹಾಗೂ ಗಣಿತಜ್ಞ. ಪ್ರಕ್ಷುಬ್ಧ ಹರಿವು, ಲೋಹಗಳ ವಿರೂಪಣೆ, ಸ್ಫೋಟದ ಅಲೆಗಳು ಮೊದಲಾದ ವಿಷಯಗಳಲ್ಲಿ ಅವರ ಕೆಲಸ ಪ್ರಸಿದ್ಧವಾಗಿದೆ. ಒಂದು ದ್ರವದೊಳಗಿರುವ ಇನ್ನೊಂದು ದ್ರವದ ಹನಿ ಹರಿವಿಗೆ ಸಿಕ್ಕಿ ಹೇಗೆ ಒಡೆಯುತ್ತದೆ ಎಂಬುದನ್ನು ಕುರಿತು ೧೯೩೨ ಮತ್ತು ೧೯೩೪ರಲ್ಲಿ ಅವರು ಪ್ರಕಟಿಸಿದ ಪ್ರಬಂಧಗಳು, ಸ್ಕ್ರೂ ಎಕ್ಸ್‌ಟ್ರೂಡರ್ ಯಂತ್ರದಲ್ಲಿ ನಡೆಯುವ ಪಾಲಿಮರ್ ಮಿಶ್ರಣವನ್ನು ಲೆಕ್ಕ ಹಾಕುವ ಇಂದಿನ ಕಂಪ್ಯೂಟರ್ ಮಾದರಿಗಳಿಗೆ ತಳಹದಿಯಾಗಿವೆ.

ಜನನ ಮತ್ತು ಶಿಕ್ಷಣ

ಟೇಲರ್ ಲಂಡನ್ನಿನ ಸೇಂಟ್ ಜಾನ್ಸ್ ವುಡ್‌ನಲ್ಲಿ ಜನಿಸಿದರು. ತಂದೆ ಎಡ್ವರ್ಡ್ ಇಂಗ್ರಾಮ್ ಟೇಲರ್ ಚಿತ್ರಕಲಾವಿದರು. ತಾಯಿ ಮಾರ್ಗರೆಟ್, ತರ್ಕವನ್ನು ಬೀಜಗಣಿತದ ರೂಪಕ್ಕೆ ತಂದ ಜಾರ್ಜ್ ಬೂಲ್ ಅವರ ಮಗಳು. ಬೂಲ್ ಅವರ ಪತ್ನಿ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ಸೋದರ ಸಂಬಂಧದ ಮಗಳು. ಹೀಗಾಗಿ ಹಿಮಾಲಯದ ಶಿಖರಕ್ಕೆ ಹೆಸರು ಕೊಟ್ಟ ಮನೆತನವೇ ಇವರದೂ ಆಗಿತ್ತು.

೧೯೦೫ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿ ಗಣಿತವನ್ನೂ ಪ್ರಕೃತಿ ವಿಜ್ಞಾನವನ್ನೂ ಅಭ್ಯಾಸ ಮಾಡಿದರು. ಅತ್ಯಂತ ಕ್ಷೀಣವಾದ ಬೆಳಕಿನಲ್ಲೂ ವ್ಯತಿಕರಣದ ಪಟ್ಟೆಗಳು ಮೂಡುತ್ತವೆಂದು ೧೯೦೯ರಲ್ಲಿ ತೋರಿಸಿದರು. ಇದಕ್ಕಾಗಿ ಛಾಯಾಫಲಕವೊಂದನ್ನು ಸುಮಾರು ಮೂರು ತಿಂಗಳು ಬೆಳಕಿಗೆ ಒಡ್ಡಬೇಕಾಯಿತು. ಆ ಅವಧಿಯಲ್ಲಿ ಅವರು ಹಾಯಿದೋಣಿಯಲ್ಲಿ ವಿಹರಿಸಲು ಹೋಗಿದ್ದರೆಂಬ ಸಂಗತಿ ಪ್ರಸಿದ್ಧ.

ವೃತ್ತಿಜೀವನ

ಟೈಟಾನಿಕ್ ಮುಳುಗಿದ ಮರುವರ್ಷ, ಅಂದರೆ ೧೯೧೩ರಲ್ಲಿ, ಉತ್ತರ ಅಟ್ಲಾಂಟಿಕ್‌ನ ಹಿಮಗಡ್ಡೆಗಳನ್ನು ಗಮನಿಸಲು ಹೊರಟ ಸ್ಕೋಷಿಯಾ ಹಡಗಿನಲ್ಲಿ ಅವರು ಹವಾಮಾನ ತಜ್ಞರಾಗಿದ್ದರು. ಗಾಳಿಯ ಪ್ರಕ್ಷುಬ್ಧತೆಯ ಅಧ್ಯಯನಕ್ಕೆ ಬೇಕಾದ ಅಳತೆಗಳು ಅಲ್ಲಿ ದೊರೆತವು. ಮೊದಲ ಮಹಾಯುದ್ಧದ ಕಾಲದಲ್ಲಿ ಫಾರ್ನ್‌ಬರೋದ ವಿಮಾನ ಕಾರ್ಖಾನೆಯಲ್ಲಿ ದುಡಿದು, ವಿಮಾನ ಹಾರಿಸುವುದನ್ನೂ ಕಲಿತರು. ೧೯೧೯ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ೧೯೨೩ರಲ್ಲಿ ದೊರೆತ ಅದೇ ಸಂಸ್ಥೆಯ ಸಂಶೋಧನಾ ಪ್ರಾಧ್ಯಾಪಕ ಪೀಠದಲ್ಲಿ ೧೯೫೨ರವರೆಗೆ ಇದ್ದರು. ಬೋಧನೆಯ ಹೊಣೆಯಿಲ್ಲದ ಈ ಹುದ್ದೆ ಅವರ ಸ್ವಭಾವಕ್ಕೆ ಚೆನ್ನಾಗಿ ಒಪ್ಪಿತು. ದೊಡ್ಡ ತಂಡವನ್ನು ಕಟ್ಟದೆ, ಚಿಕ್ಕ ಸರಳ ಉಪಕರಣಗಳಿಂದಲೇ ಅವರು ಕೆಲಸ ಮಾಡುತ್ತಿದ್ದರು. ೧೯೨೫ರಲ್ಲಿ ಶಾಲಾ ಶಿಕ್ಷಕಿ ಸ್ಟೆಫನಿ ರಾವೆನ್‌ಹಿಲ್ ಅವರನ್ನು ವಿವಾಹವಾದರು.

ಹನಿಗಳ ಅಧ್ಯಯನ

ಘನ ಕಣಗಳು ಬೆರೆತ ದ್ರವದ ಸ್ನಿಗ್ಧತೆಗೆ ಐನ್‌ಸ್ಟೈನ್ ೧೯೦೬ರಲ್ಲಿ ಸೂತ್ರ ಕೊಟ್ಟಿದ್ದರು. ಕಣಗಳ ಬದಲು ದ್ರವದ ಹನಿಗಳಿದ್ದರೆ ಏನಾಗುತ್ತದೆ ಎಂಬುದನ್ನು ಟೇಲರ್ ೧೯೩೨ರಲ್ಲಿ ಲೆಕ್ಕ ಹಾಕಿದರು. ಹನಿಯನ್ನು ಎಳೆಯುವುದು ಹರಿವಿನ ಬಲ. ಅದನ್ನು ಗುಂಡಗೆ ಇಡಲು ಹೆಣಗುವುದು ಎರಡು ದ್ರವಗಳ ನಡುವಿನ ಮೇಲ್ಮೈ ಎಳೆತ. ಇವೆರಡರ ಅನುಪಾತವನ್ನು ಈಗ ಕೆಪಿಲರಿ ಸಂಖ್ಯೆ ಎನ್ನುತ್ತಾರೆ.

೧೯೩೪ರ ಪ್ರಬಂಧಕ್ಕಾಗಿ ಅವರು ಎರಡು ಉಪಕರಣಗಳನ್ನು ಬಳಸಿದರು. ಒಂದರಲ್ಲಿ ಎರಡು ಪಟ್ಟಿಗಳು ಎದುರುಬದುರು ದಿಕ್ಕಿನಲ್ಲಿ ಸರಿಯುತ್ತಿದ್ದವು. ಇನ್ನೊಂದರಲ್ಲಿ ಚೌಕದ ಮೂಲೆಗಳಲ್ಲಿ ನಿಂತ ನಾಲ್ಕು ಉರುಳೆಗಳು ತಿರುಗುತ್ತಾ ನಡುವಿನ ದ್ರವವನ್ನು ಹಿಗ್ಗಿಸುತ್ತಿದ್ದವು. ಹೊರಗಿನ ದ್ರವಕ್ಕಿಂತ ಬಹಳ ಮಂದವಾದ ಹನಿ, ಪಟ್ಟಿಗಳ ನಡುವೆ ಎಷ್ಟು ವೇಗ ಕೊಟ್ಟರೂ ಒಡೆಯಲಿಲ್ಲ. ಸ್ವಲ್ಪ ಚಪ್ಪಟೆಯಾಗಿ ಉಳಿದುಬಿಟ್ಟಿತು. ಅದೇ ಹನಿ ಉರುಳೆಗಳ ನಡುವೆ ದಾರದಂತೆ ಉದ್ದವಾಯಿತು. ಕಾರಣವಿಷ್ಟೆ: ಉಜ್ಜುವ ಹರಿವಿನಲ್ಲಿ ಎಳೆತದಷ್ಟೇ ತಿರುಗಣೆಯೂ ಇರುತ್ತದೆ, ಗಟ್ಟಿ ಹನಿ ಹಿಗ್ಗುವ ಮುನ್ನವೇ ಸುತ್ತಿಕೊಂಡು ತಪ್ಪಿಸಿಕೊಳ್ಳುತ್ತದೆ.

ಪಾಲಿಮರ್ ಮಿಶ್ರಣ ಮತ್ತು ಕಂಪ್ಯೂಟರ್ ಮಾದರಿ

ಹೆಚ್ಚಿನ ಪಾಲಿಮರ್ ಜೋಡಿಗಳು ಕರಗಿದರೂ ಒಂದರಲ್ಲೊಂದು ಬೆರೆಯುವುದಿಲ್ಲ. ಎಕ್ಸ್‌ಟ್ರೂಡರಿನ ಬಿಸಿ ಬ್ಯಾರಲ್‌ನಲ್ಲಿ ಸ್ಕ್ರೂ ತಿರುಗುವಾಗ ಒಂದು ಪಾಲಿಮರ್ ಇನ್ನೊಂದರೊಳಗೆ ಹನಿಗಳಾಗಿ ಹರಡುತ್ತದೆ. ನೈಲಾನ್ ಬಿರುಕು ಬಿಡದಂತೆ ರಬ್ಬರ್ ಬೆರೆಸಿದಾಗ, ಆ ಹನಿಗಳು ಸುಮಾರು ಒಂದು ಮೈಕ್ರೋಮೀಟರಿಗಿಂತ ಚಿಕ್ಕದಾಗಿರಬೇಕು; ದೊಡ್ಡದಾದರೆ ಬೆರೆಸಿದ ಶ್ರಮವೇ ವ್ಯರ್ಥ.

ಕಂಪ್ಯೂಟರ್ ಮಾದರಿಯು ಸ್ಕ್ರೂವನ್ನು ಉದ್ದಕ್ಕೂ ಸಣ್ಣ ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದ ಉಷ್ಣತೆ, ಹರಿವಿನ ವೇಗ, ಸ್ನಿಗ್ಧತೆಗಳನ್ನು ಲೆಕ್ಕ ಹಾಕುತ್ತದೆ. ಅಲ್ಲಿನ ಕೆಪಿಲರಿ ಸಂಖ್ಯೆ ನಿರ್ಣಾಯಕ ಮಿತಿಯನ್ನು ದಾಟಿದೆಯೇ, ಹನಿ ಒಡೆಯಲು ಸಾಕಷ್ಟು ಸಮಯವಿದೆಯೇ, ಒಡೆದ ಹನಿಗಳು ಮತ್ತೆ ಢಿಕ್ಕಿಯಾಗಿ ಒಂದಾಗುತ್ತವೆಯೇ ಎಂದು ನೋಡುತ್ತದೆ. ಹನಿಯ ಸ್ನಿಗ್ಧತೆ ಹೊರದ್ರವದ ಸುಮಾರು ನಾಲ್ಕು ಪಟ್ಟನ್ನು ಮೀರಿದರೆ ಬರಿಯ ಉಜ್ಜುವಿಕೆಯಿಂದ ಅದು ಒಡೆಯದು. ಈ ಮಿತಿಗಳನ್ನು ಗುರುತಿಸುವ ವ್ಯಾಪಕ ಅಳತೆಗಳನ್ನು ಹೆರಾಲ್ಡ್ ಗ್ರೇಸ್ ೧೯೮೨ರಲ್ಲಿ ಪ್ರಕಟಿಸಿದರು. ಅವಳಿ ಸ್ಕ್ರೂ ಯಂತ್ರಗಳಲ್ಲಿ ನಾದುವ ಬಿಲ್ಲೆಗಳನ್ನು ಅಳವಡಿಸಿ ದ್ರವವನ್ನು ಹಿಗ್ಗಿಸುವುದರ ಮಹತ್ವ ಇದರಿಂದ ಅರ್ಥವಾಗುತ್ತದೆ.

ಆದರೆ ಟೇಲರ್ ಪರೀಕ್ಷಿಸಿದ್ದು ಸರಳ ದ್ರವಗಳನ್ನು. ಕರಗಿದ ಪಾಲಿಮರ್‌ಗಳಿಗೆ ರಬ್ಬರಿನಂತಹ ಸ್ಥಿತಿಸ್ಥಾಪಕ ಗುಣವೂ ಉಂಟು. ಇಷ್ಟು ಮುಖ್ಯವಾದ ಗುಣವನ್ನು ಕೈಬಿಟ್ಟ ಲೆಕ್ಕವನ್ನು ಪೂರ್ತಿ ನಂಬಲಾಗದು.

ನಂತರದ ವರ್ಷಗಳು

೧೯೩೪ರಲ್ಲೇ ಲೋಹಗಳ ಸ್ಫಟಿಕದೋಷಗಳ ಸಿದ್ಧಾಂತವನ್ನೂ ಅವರು ಪ್ರಕಟಿಸಿದರು. ಒರೋವಾನ್ ಮತ್ತು ಪೊಲಾನ್ಯಿ ಅದೇ ವರ್ಷ ಸ್ವತಂತ್ರವಾಗಿ ಅದೇ ವಿಚಾರಕ್ಕೆ ಬಂದಿದ್ದರು. ೧೯೪೪ರಲ್ಲಿ ಸರ್ ಪದವಿ ಹಾಗೂ ಕಾಪ್ಲಿ ಪದಕ ದೊರೆತವು. ೧೯೪೫ರ ಜುಲೈ ೧೬ರಂದು ನ್ಯೂ ಮೆಕ್ಸಿಕೋದಲ್ಲಿ ನಡೆದ ಮೊದಲ ಪರಮಾಣು ಸ್ಫೋಟಕ್ಕೆ ಅವರು ಸಾಕ್ಷಿಯಾಗಿದ್ದರು.

೧೯೬೦ರ ದಶಕದಲ್ಲಿ ತಯಾರಾದ ಶೈಕ್ಷಣಿಕ ಚಿತ್ರವೊಂದರಲ್ಲಿ ಅವರು ಮಂದ ದ್ರವಗಳ ಹರಿವನ್ನು ವಿವರಿಸಿದ್ದಾರೆ. ಎರಡು ಕೊಳವೆಗಳ ನಡುವಿನ ಮಂದ ದ್ರವದಲ್ಲಿ ಬಣ್ಣದ ಹನಿಯನ್ನಿಟ್ಟು, ಒಳಗಿನದನ್ನು ಕೆಲವು ಸುತ್ತು ತಿರುಗಿಸುತ್ತಾರೆ. ಬಣ್ಣ ಕಾಣದಂತೆ ಹರಡುತ್ತದೆ. ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದೊಡನೆ ಹನಿ ಮೊದಲಿನ ಜಾಗದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಮಂದ ದ್ರವವನ್ನು ಕಲಕುವುದೂ ಬೆರೆಸುವುದೂ ಒಂದೇ ಅಲ್ಲವೆಂಬುದು ಇದರಿಂದ ಕಣ್ಣಿಗೆ ಕಟ್ಟುತ್ತದೆ.

ಜಾರ್ಜ್ ಬ್ಯಾಚಲರ್ ಸಂಪಾದಿಸಿದ ಅವರ ವೈಜ್ಞಾನಿಕ ಪ್ರಬಂಧಗಳು ೧೯೫೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದವು. ೧೯೬೯ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಸಂದಿತು. ೧೯೭೨ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಟೇಲರ್, ೧೯೭೫ರಲ್ಲಿ ಕೇಂಬ್ರಿಜ್‌ನಲ್ಲಿ ನಿಧನರಾದರು.