ಇಂದ್ರಜಾಲಿಗ ಪಿ. ಸಿ. ಸರ್ಕಾರ್

ಬಾಲ್ಯದಲ್ಲಿ ಒಮ್ಮೆ ನಮ್ಮ ಯರಗೇರಾಕ್ಕೆ ಬಂದ ಗಾರುಡಿಗನೊಬ್ಬನು ನೆರೆದ ಹುಡುಗರಲ್ಲಿ ನನ್ನನ್ನೇ ಆರಿಸಿ, ನೆಲದ ಮೇಲೆ ಮಲಗಿಸಿ, ಚಾದರ ಹೊದಿಸಿದನು. ಅಲುಗಬಾರದೆಂಬುದು ಅವನ ಅಪ್ಪಣೆ. ಅವನು ಕತ್ತಿ ಮಸೆಯುವ ಸದ್ದು ಕೇಳಿಸಿತು. ಗುಂಪಿನ ನಡುವಿನಿಂದ ಅವ್ವನ ಅಳುವೂ ಕೇಳಿಸಿತು. ನನಗೇನೂ ಆಗಿಲ್ಲವೆಂದು ಕೂಗಬೇಕೆನಿಸಿದರೂ ಕೂಗಲಿಲ್ಲ. ಕೂಗಿದ್ದರೆ ಆ ಬಡವನ ಅಂದಿನ ಅನ್ನ ತಪ್ಪುತ್ತಿತ್ತು. ಪಿ. ಸಿ. ಸರ್ಕಾರರ ಜೀವನವನ್ನು ಓದುವಾಗಲೆಲ್ಲ ನನಗೆ ಆ ಚಾದರವೇ ನೆನಪಾಗುತ್ತದೆ.

ಪ್ರತುಲಚಂದ್ರ ಸರ್ಕಾರರು 1913ರ ಫೆಬ್ರವರಿ 23ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಟಾಂಗೈಲ್ ಸೀಮೆಯಲ್ಲಿ ಜನಿಸಿದರು. ಕಾಲೇಜಿನಲ್ಲಿ ಗಣಿತವನ್ನು ಅಭ್ಯಾಸ ಮಾಡಿದ ಅವರಿಗೆ ಇಂದ್ರಜಾಲದಲ್ಲಿ ಗುರುವಾದವರು ಗಣಪತಿ ಚಕ್ರವರ್ತಿ. ಮುಂದೆ ಅವರು ತಮ್ಮ ಮನೆತನದ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಬದಲಿಸಿ, ಮಾಂತ್ರಿಕನೆಂಬ ಅರ್ಥದ ‘ಸಾರ್ಸರರ್’ ಶಬ್ದವನ್ನು ನೆನಪಿಸುವಂತೆ ಬರೆಯತೊಡಗಿದರು. ಮಹಾರಾಜರ ಉಡುಪು ತೊಟ್ಟು, ತಲೆಗೆ ತುರಾಯಿಯ ಪೇಟವಿಟ್ಟು ರಂಗಕ್ಕೆ ಬರುತ್ತಿದ್ದರು. ಬೀದಿಯಲ್ಲಿ ಭಿಕ್ಷಾವೃತ್ತಿಗೆ ಸಮನೆಂದು ಎಣಿಸಲ್ಪಡುತ್ತಿದ್ದ ಕಲೆಯನ್ನು ‘ಇಂದ್ರಜಾಲ’ವೆಂಬ ಅದರ ಪುರಾತನ ಹೆಸರಿನಿಂದಲೇ ದೇಶಾಂತರಗಳ ರಂಗಮಂದಿರಗಳಿಗೆ ಒಯ್ದದ್ದು ಅವರ ಹಿರಿಮೆ.

ಅವರ ಕೀರ್ತಿಯನ್ನು ಒಂದೇ ರಾತ್ರಿಯಲ್ಲಿ ಬ್ರಿಟನ್ನಿನಾದ್ಯಂತ ಹಬ್ಬಿಸಿದ್ದು ದೂರದರ್ಶನ. ಹೆಣ್ಣನ್ನು ಗರಗಸದಿಂದ ಸೀಳುವ ಆಟ ಲಂಡನ್ನಿಗೆ ಹೊಸದಲ್ಲ. 1921ರಲ್ಲಿಯೇ ಸೆಲ್ಬಿಟ್ ಎಂಬಾತನು ಅಲ್ಲಿ ಅದನ್ನು ಪ್ರದರ್ಶಿಸಿದ್ದನು. ಆದರೆ ಅವನ ಸಹಾಯಕಿ ಮರದ ಪೆಟ್ಟಿಗೆಯೊಳಗಿದ್ದಳು. 1956ರ ಏಪ್ರಿಲ್ 9ರಂದು ಬಿ.ಬಿ.ಸಿ.ಯ ಪನೋರಮಾ ಕಾರ್ಯಕ್ರಮದಲ್ಲಿ ಸರ್ಕಾರರ ಸಹಾಯಕಿ, ಹದಿನೇಳು ವರ್ಷದ ದೀಪ್ತಿ ಡೇ, ಮುಚ್ಚುಮರೆಯಿಲ್ಲದೆ ಮೇಜಿನ ಮೇಲೆ ಮಲಗಿದ್ದಳು. ತಿರುಗುವ ಯಂತ್ರದ ಗರಗಸ ಅವಳ ನಡುವನ್ನು ಹಾಯ್ದುಹೋಯಿತು. ಸರ್ಕಾರರು ಅವಳ ಕೈಯನ್ನು ಉಜ್ಜಿ ಎಚ್ಚರಿಸಲೆತ್ನಿಸಿದರು, ಅವಳು ಏಳಲಿಲ್ಲ. ಮುಖದ ಮೇಲೆ ಕಪ್ಪು ಬಟ್ಟೆ ಹೊದಿಸಿದರು. ನಿರೂಪಕ ರಿಚರ್ಡ್ ಡಿಂಬಲ್‌ಬಿಯವರು ಮುಂದೆ ಬಂದು ಕಾರ್ಯಕ್ರಮ ಮುಗಿಯಿತೆಂದರು.

ರಂಗಮಂದಿರದಲ್ಲಿ ಸೀಳಲ್ಪಟ್ಟವಳು ಎದ್ದುನಿಂತು ನಮಸ್ಕರಿಸಿದ ಮೇಲೆಯೇ ತೆರೆ ಬೀಳುತ್ತದೆ. ಆ ನಮಸ್ಕಾರವೇ ಪ್ರೇಕ್ಷಕನಿಗೆ ದೊರೆಯುವ ಅಭಯ. ಮನೆಯಲ್ಲಿ ಕುಳಿತು ನೋಡಿದವರಿಗೆ ಆ ಅಭಯ ದೊರೆಯಲಿಲ್ಲ. ಮೇಲಾಗಿ ಪನೋರಮಾ ಪ್ರಚಲಿತ ವಿದ್ಯಮಾನಗಳ ಗಂಭೀರ ಕಾರ್ಯಕ್ರಮ. ದೂರವಾಣಿಗಳು ಎಡೆಬಿಡದೆ ಮೊಳಗಿದವು. ಸಮಯ ಮೀರಿದ್ದೇ ಕಾರಣವೆಂದು ಹೇಳಲಾಯಿತು. ಕ್ಷಣಗಳನ್ನು ಅಳೆದು ಆಟ ಕಟ್ಟುತ್ತಿದ್ದ ಸರ್ಕಾರರಿಗೆ ಸಮಯದ ಅರಿವು ತಪ್ಪಿತೆಂದು ನಂಬುವುದು ನನಗೆ ಕಷ್ಟ. ಮರುದಿನ ಪತ್ರಿಕೆಗಳ ತುಂಬ ಅದೇ ಸುದ್ದಿ. ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ ನಡೆಯಲಿದ್ದ ಅವರ ಪ್ರದರ್ಶನಗಳ ಟಿಕೆಟುಗಳೆಲ್ಲ ಮಾರಾಟವಾದವು.

1964ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 1971ರ ಜನವರಿ 6ರಂದು ಜಪಾನಿನ ಪ್ರವಾಸದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಮಗ ಪ್ರದೀಪಚಂದ್ರರು ‘ಇಂದ್ರಜಾಲ’ವನ್ನು ಮುಂದುವರಿಸಿದರು. ನಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನ ಬಂದದ್ದು 1975ರ ಆಗಸ್ಟಿನಲ್ಲಿ, ಪ್ರಯೋಗಾರ್ಥವಾಗಿ, ಒಂದು ವರ್ಷದ ಮಟ್ಟಿಗೆ. ಅಷ್ಟರಲ್ಲಿ ಆ ಮಾಧ್ಯಮವನ್ನೇ ಬೆರಗುಗೊಳಿಸಿದ್ದ ಇಂದ್ರಜಾಲಿಗರು ಗತಿಸಿದ್ದರು.

2010ರಲ್ಲಿ ಸರ್ಕಾರರ ಚಿತ್ರವುಳ್ಳ ಅಂಚೆಚೀಟಿ ಹೊರಬಂದಿತು. ಅವರ ಪ್ರತಿಭೆಗೆ ಅದು ತಕ್ಕ ಗೌರವವೇ ಸರಿ. ಆದರೂ ಆ ರಾತ್ರಿಯ ಆಟ ಗೆದ್ದದ್ದು ಉಸಿರು ಬಿಗಿಹಿಡಿದು ಅಲುಗದೆ ಮಲಗಿದ್ದ ಒಬ್ಬ ಹುಡುಗಿಯಿಂದ. ದೂರವಾಣಿಯಲ್ಲಿ ಕೇಳಿದವರಾರೂ ಆಟದ ಗುಟ್ಟನ್ನು ಕೇಳಲಿಲ್ಲ. ಹುಡುಗಿ ಬದುಕಿರುವಳೇ ಎಂದಷ್ಟೇ ಕೇಳಿದರು. ಯರಗೇರಾದಲ್ಲಿ ಗಾರುಡಿಗನು ಚಾದರ ಸರಿಸಿದಾಗ ಜನರೆಲ್ಲ ಅವನತ್ತ ನೋಡಿ ಚಪ್ಪಾಳೆ ತಟ್ಟಿದರು. ಅವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು.